ಮಲಾಕಿ ಅಲ್ಲಿ ವಾಸವಿರಲಿಲ್ಲ

ಶವಪೆಟ್ಟಿಗೆಯ ತಲೆಭಾಗ ಗಾಲಿಗಳ ಮೇಲಿನ ತಗಡಿನ ಕ್ಯಾರವಾನಿನ ಒಳಗೆ ಹೋಗಿತ್ತು. ಕಾಲಿನ ಭಾಗ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ನಡುವೆ ಬಾಗಿಲು ಕಚ್ಚಿಕೊಂಡಿತ್ತು.

"ತಳ್ಳು," ಅಂದ ಎಂಡಾ.

"ಇನ್ನೂ ತಳ್ಳಿದ್ರೆ ಕ್ಯಾರವಾನೂ ನಮ್ ಜೊತೆ ಸ್ಮಶಾನಕ್ಕೆ ಬರುತ್ತೆ," ಅಂದ ಲಿಯೋ. ಆ ಸುತ್ತಿನ ಶವಗಳನ್ನೆಲ್ಲ ಸಾಗಿಸುವವನು ಅವನೇ. ಕರಿ ಕೋಟಿನ ಬೆನ್ನು ಆಗಲೇ ಹರಿದಿತ್ತು. "ಇಷ್ಟು ವರ್ಷ ಹೆಣ ಹೊರಗೆ ತೆಗೆದಿದ್ದೀನಿ ಕಣಯ್ಯಾ. ಒಳಗೆ ತುರುಕೋ ಕೆಲಸ ಇದೇ ಮೊದಲು."

ಪಕ್ಕದ ಮನೆಯ ನೋನಿ ಅಜ್ಜಿ ಪೆಟ್ಟಿಗೆಯ ಕಾಲಿನ ಮೇಲೆ ಕೊಡೆ ಹಿಡಿದು ನಿಂತಿದ್ದಳು. ತಾನು ಮಾತ್ರ ತೊಯ್ದು ತೊಪ್ಪೆಯಾಗಿದ್ದಳು. "ಪಾಪ, ಕಾಲು ತಣ್ಣಗಾದ್ರೆ ಅವನಿಗೆ ನಿದ್ದೆ ಬರ್ತಿರಲಿಲ್ಲ," ಅಂದಳು.

"ಎಲ್ಲ ನಿನ್ನಿಂದಲೇ ಆಗಿದ್ದು ಅಜ್ಜಿ," ಎಂಡಾ ಹಲ್ಲು ಕಡಿದ.

ತಪ್ಪು ಅಜ್ಜಿಯದೇ. ಬೆಳಿಗ್ಗೆ ಜಿಲ್ಲೆಯ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಾರೆ. ಆ ಹೊತ್ತಿಗೆ ಹಾಲು ಕರೆಯುವ ಯಂತ್ರಗಳು ನಿಲ್ಲುತ್ತವೆ, ಗಂಡಹೆಂಡಿರ ಜಗಳವೂ ನಿಲ್ಲುತ್ತದೆ. ಇವತ್ತು ಓದಿದ್ದು ಹೀಗೆ: ಡ್ರಮ್‌ಕೀಲಿನ ಮಲಾಕಿ ಗಕಿಯನ್ ತೀರಿಕೊಂಡಿದ್ದಾರೆ, ಅವರು ಹುಟ್ಟಿ ಬೆಳೆದು ಕೊನೆಯುಸಿರಿನ ತನಕ ಬಾಳಿದ ಸ್ವಂತ ಮನೆಯಲ್ಲಿ ಅಂತಿಮ ದರ್ಶನ. ಫೋನಿನಲ್ಲಿ ಅಳುತ್ತಾ ಹೇಳಿ ಬರೆಸಿದವಳು ನೋನಿ.

"ಓದಿದಾಗ ಚೆಂದ ಇರಲಿ ಅಂತ ಹಾಗೆ ಹೇಳ್ದೆ ಕಣೋ."

"ಚೆಂದ ಬಂತು ಬಿಡು. ಹೆಸ್ಲಿನ್ ಸಾಹೇಬ್ರೂ ಕೇಳಿರ್ತಾರೆ."

ಹೆಸ್ಲಿನ್ ಅಂದರೆ ಜಿಲ್ಲಾ ಕಚೇರಿಯಿಂದ ಮನೆ ನೋಡಲು ಬರುವ ಅಧಿಕಾರಿ. ಹಾಳುಬಿದ್ದ ಮನೆಯನ್ನು ಎತ್ತಿ ನಿಲ್ಲಿಸಲು ಸರ್ಕಾರ ಐವತ್ತು ಸಾವಿರ ಯೂರೋ ಕೊಡುತ್ತದೆ, ಆದರೆ ಆ ಮನೆಯಲ್ಲಿ ಅದಕ್ಕೆ ಮುಂಚೆ ಎರಡು ವರ್ಷ ನರಪಿಳ್ಳೆಯೂ ವಾಸವಿರಬಾರದು. ಬಚ್ಚಲಲ್ಲಿ ಒದ್ದೆ ಹಲ್ಲುಜ್ಜುವ ಬ್ರಷ್ ಸಿಕ್ಕಿತು ಅಂತ ಯಾರದೋ ಅರ್ಜಿಯನ್ನು ತಿರುಗಿ ಕಳಿಸಿದವನು ಈ ಹೆಸ್ಲಿನ್. ಎಂಡಾ ಹಾಕಿದ ಅರ್ಜಿಯ ಮೇಲೆ ನಾಳೆ ಅವನು ಮಲಾಕಿಯ ಮನೆ ನೋಡಲು ಬರಬೇಕಿತ್ತು. ಜಿಲ್ಲೆಯ ಒಂದು ಸಾವಿಗೂ ಹೋಗದೆ ಬಿಡದ ಮನುಷ್ಯನಾದ್ದರಿಂದ ಇವತ್ತೇ ಬರುತ್ತಾನೆ. ಅದಕ್ಕೇ ಹೆಣವನ್ನು ಮನೆಯಿಂದ ಹಿತ್ತಲಿನ ಕ್ಯಾರವಾನಿಗೆ ಸಾಗಿಸುವ ಈ ಸರ್ಕಸ್ಸು. ಸ್ವಂತ ಮನೆ ಅಂದರೆ ಇದೇ ಕ್ಯಾರವಾನು ಅಂತ ತೋರಿಸಬೇಕಿತ್ತು.

ಗೇಟಿನ ಹತ್ತಿರ ಕಾರು ನಿಂತಿತು. ಉದ್ದ ಕತ್ತಿನ, ಬೂದಿ ಬಣ್ಣದ ಹೆಸ್ಲಿನ್ ಇಳಿದು ಟೋಪಿ ತೆಗೆದ. ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದ.

"ಇವರು ಬರ್ತಾ ಇದ್ದಾರೋ, ಹೋಗ್ತಾ ಇದ್ದಾರೋ?"

"ಹೊರಡ್ತಾ ಇದ್ದಾನೆ ಸಾರ್," ಅಂದ ಲಿಯೋ. ಅಂದಮೇಲೆ ಪೆಟ್ಟಿಗೆಯನ್ನು ಹೊರಗೆಳೆಯದೆ ಗತಿಯಿರಲಿಲ್ಲ.

*

ಎಂಡಾ ಓದು ಬಿಟ್ಟವನು, ಗಾರೆ ಕೆಲಸದವನು. ಬೇರೆಯವರ ಮನೆಗಳಿಗೆ ಗೋಡೆ ಮೆತ್ತಿ ಮೆತ್ತಿ ಅಂಗೈ ಸುಣ್ಣವಾಗಿತ್ತು. ತನಗೆ ಮಾತ್ರ ಅತ್ತೆಮನೆಯ ಒಂದು ಗೂಡು. ಅಲ್ಲಿ ಅವನೂ ಈಗ ಬಸುರಿಯಾದ ಹೆಂಡತಿ ಗ್ರಾನ್ಯಾಳೂ ಸರದಿಯ ಮೇಲೆ ಹೊರಳುತ್ತಿದ್ದರು. ಮಗ್ಗುಲು ಬದಲಿಸಿದರೂ ಆಚೆಯಿಂದ ಅತ್ತೆ ಗೋಡೆ ಬಡಿಯುತ್ತಿದ್ದಳು.

"ನನ್ನ ಮನೆ ತಗೋ," ಅಂದಿದ್ದ ದೊಡ್ಡಪ್ಪ ಮಲಾಕಿ, ಎರಡು ವರ್ಷದ ಹಿಂದೆ. ಮದುವೆಯಾಗದವನು, ಬದುಕೆಲ್ಲ ಡೈರಿಯ ಹಾಲಿನ ಲಾರಿ ಓಡಿಸಿದವನು.

"ಮೇಲೆ ಆಕಾಶ ಕಾಣುತ್ತಲ್ಲ ದೊಡ್ಡಪ್ಪ."

"ಅದಕ್ಕೇ ಸರ್ಕಾರ ದುಡ್ಡು ಕೊಡ್ತಿರೋದು. ನಾನು ಕ್ಯಾರವಾನಿಗೆ ಹೋಗ್ತೀನಿ. ಎರಡು ವರ್ಷ ಮನೆ ಖಾಲಿ ಬೀಳಲಿ. ಆಮೇಲೆ ಕಟ್ಟಿಸ್ಕೊಂಡು ನನಗೊಂದು ಮೂಲೆ ಕೊಡು, ಸಾಕು."

ಎಂಡಾನಿಗೆ ಮೈಯೆಲ್ಲ ಉರಿದಿತ್ತು. ಮುದುಕರಿಗೆ ಬೇರೆ ಅನುದಾನ ಇತ್ತು, ಆದರೆ ಅದು ಮನೆಯನ್ನೇ ಎತ್ತಿ ನಿಲ್ಲಿಸುವಷ್ಟಲ್ಲ. ಸೂರಿನ ಕೆಳಗೆ ಮುದುಕನಿದ್ದು ಸೋರಿದರೆ ಅದು ಅವನ ಹಣೆಬರಹ, ಮುದುಕನಿಲ್ಲದೆ ಸೋರಿದರೆ ಅದು ಸರ್ಕಾರದ ಯೋಜನೆ! ಬೈದ. ಬೈದು ಒಪ್ಪಿಕೊಂಡ.

ಕರೆಂಟು ಕೀಳಿಸಿದರು. ಮಲಾಕಿ ಕ್ಯಾರವಾನಿಗೆ ಹೋದ. ಮೊದಲ ವಾರವೇ ತಿರುಗಿ ಬಂದ. "ತಗಡಿನ ಮೇಲೆ ಮಳೆ ಬಿದ್ರೆ ನಮ್ಮಮ್ಮ ಬೈದ ಹಾಗೇ ಕೇಳುತ್ತೆ ಕಣೋ, ಬೆಳತನಕ," ಅಂದ. ಅಲ್ಲಿಂದ ಮುಂದೆ ಕತ್ತಲಾದ ಮೇಲೆ ಕಳ್ಳನ ಹಾಗೆ ತನ್ನ ಮನೆಗೇ ನುಗ್ಗಿ, ತಾನು ಹುಟ್ಟಿದ ಕೋಣೆಯಲ್ಲೇ ಮಲಗುತ್ತಿದ್ದ. ಯಾವುದಾದರೂ ಕಾರಿನ ಸದ್ದಾದರೆ ಮೇಣದಬತ್ತಿ ಊದಿಬಿಡುತ್ತಿದ್ದ.

ಊರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಅಂಚೆಯವನು ಮನೆಯ ಬಾಗಿಲು ತಟ್ಟಿ, "ಮಲಾಕಿ ಇದಾನಾ?" ಅನ್ನುತ್ತಿದ್ದ.

"ಇಲ್ಲ," ಅನ್ನುತ್ತಿದ್ದ ಮಲಾಕಿ, ಒಳಗಿನಿಂದ.

"ಬಂದ್ರೆ ಹೇಳಿ, ಪಿಂಚಣಿ ಕಾಗದ ಇದೆ."

"ಬಾಗಿಲ ಕೆಳಗೆ ತೂರಿಸು. ಬಂದ್ರೆ ಕೊಡ್ತೀನಿ."

*

ಚರ್ಚಿಗೆ ಹೊರಡುವ ಮುಂಚೆ ಊರಿನವರೆಲ್ಲ ಒಬ್ಬೊಬ್ಬರಾಗಿ ಹೆಸ್ಲಿನ್ನನ ಹತ್ತಿರ ಹೋದರು. ಯಾರೂ ಅವರನ್ನು ಕೇಳಿರಲಿಲ್ಲ.

"ಎದುರಿಗೇ ನಮ್ಮ ಹೊಲ ಸಾರ್. ಈ ಮನೇಲಿ ಮಲಾಕೀನ ನಾನು ಕಂಡೇ ಇಲ್ಲ," ಅಂದ ಒಬ್ಬ.

"ಆ ಮನೆ ಕಂಡ್ರೇ ಅವನಿಗೆ ಆಗ್ತಿರಲಿಲ್ಲ," ಅಂದ ಇನ್ನೊಬ್ಬ. "ಹತ್ತಿರ ಹೋದ್ರೆ ವಾಂತಿ."

ನೋನಿ ಅಜ್ಜಿ ಎಲ್ಲರನ್ನೂ ಮೀರಿಸಿದಳು. "ಯಾವ ಮನೆ ಸ್ವಾಮಿ?" ಅಂದಳು.

ಹೆಸ್ಲಿನ್ ಎಲ್ಲರಿಗೂ ಕತ್ತು ಆಡಿಸಿದ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಅಜ್ಜಿ ಫಾದರಿಗೂ ಹೇಳಿಕೊಟ್ಟಿದ್ದಳು. ಆತ ಬಂದು ಇನ್ನೂ ವರ್ಷವಾಗಿರಲಿಲ್ಲ, ಮಲಾಕಿಯ ಮುಖಪರಿಚಯವೂ ಸರಿಯಾಗಿ ಇರಲಿಲ್ಲ. ಪೂಜೆಯ ನಡುವೆ ದನಿಯೆತ್ತಿ ಶುರುಮಾಡಿದ.

"ನಮ್ಮ ಮಲಾಕಿ ಅಲೆಮಾರಿ ಜೀವ. ಒಂದು ಕಡೆ ನಿಂತವನಲ್ಲ. ಮನೆ ಮಠ ಯಾವುದರ ಮೋಹವೂ ಅವನಿಗಿರಲಿಲ್ಲ. ಡ್ರಮ್‌ಕೀಲಿನಲ್ಲಿ ಅವನು ವಾಸವಿದ್ದ ಅಂತ ಯಾರಾದರೂ ಹೇಳಿದರೆ, ಅದು ಅವನನ್ನು ಅರಿಯದವರ ಮಾತು."

ಮುಂದಿನ ಬೆಂಚಿನಲ್ಲಿ ಎಂಡಾನ ಕಿವಿ ಕೆಂಪಾದವು. ಗ್ರಾನ್ಯಾ ಅವನ ತೊಡೆ ಅದುಮಿ ಹಿಡಿದಳು.

"ಈ ಲೋಕದಲ್ಲಿ ಅವನಿಗೊಂದು ಸೂರೂ ಇರಲಿಲ್ಲ—"

"ಇತ್ತು!"

ಎಂಡಾ ಎದ್ದು ನಿಂತುಬಿಟ್ಟಿದ್ದ.

"ಇತ್ತು ಫಾದರ್! ಸೋರೋ ಸೂರು! ಹುಟ್ಟಿದ್ದು ಅಲ್ಲಿ, ಅಮ್ಮನ ಮಲ ಮೂತ್ರ ಬಾಚಿದ್ದು ಅಲ್ಲಿ, ನನ್ನಪ್ಪ ಕುಡಿದು ಬಂದು ಒದ್ದಾಗ ನನ್ನನ್ನ ಎತ್ತಿಕೊಂಡು ಹೋಗಿ ಮಲಗಿಸಿದ್ದು ಅಲ್ಲಿ. ಮೊನ್ನೆ ರಾತ್ರಿ ಕತ್ತಲಲ್ಲಿ ಸತ್ತಿದ್ದೂ ಅಲ್ಲೇ! ಬತ್ತಿ ಹಚ್ಚಿದ್ರೆ ನನಗೆ ದುಡ್ಡು ಸಿಗಲ್ಲ ಅಂತ ಕತ್ತಲಲ್ಲಿ ಕೂತಿದ್ದ. ಎಲ್ಲಿಗೂ ಅಲೆದವನಲ್ಲ ಅವನು. ಪಕ್ಕದ ಜಿಲ್ಲೆಗೆ ಹೋದ್ರೂ ರಾತ್ರಿಗೆ ವಾಪಸ್ ಬರ್ತಿದ್ದ!"

ಮೂರನೇ ಬೆಂಚಿನಲ್ಲಿ ಹೆಸ್ಲಿನ್ ನೆಟ್ಟಗೆ ಕೂತಿದ್ದ. ನೋನಿ ಅಜ್ಜಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, "ಹೋಯ್ತು ಐವತ್ತು ಸಾವಿರ," ಅಂದದ್ದು ಫಾದರಿಗೂ ಕೇಳಿಸಿತು.

*

ಮಣ್ಣು ಮುಚ್ಚಿದ ಮೇಲೆ ಜನ ಸಾಲಾಗಿ ಬಂದು ಎಂಡಾನ ಕೈ ಕುಲುಕಿದರು. ಹೆಸ್ಲಿನ್ನನ ಸರದಿ ಬಂತು. ಕೈ ತಣ್ಣಗಿತ್ತು, ಹಿಡಿತ ಗಟ್ಟಿಯಿತ್ತು.

"ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ."

"ನೀವು ಚರ್ಚಲ್ಲೂ ಇದ್ರಲ್ಲ," ಅಂದ ಎಂಡಾ. "ಕೇಳಿಸ್ಕೊಂಡ್ರಲ್ಲ. ನನ್ನ ಅರ್ಜಿ ಹರಿದು ಹಾಕಿ."

"ಚರ್ಚಲ್ಲಿ ನಾನು ಕಚೇರಿ ಕೆಲಸ ಮಾಡಲ್ಲ. ಅಲ್ಲಿ ಕೇಳಿಸಿದ್ದು ದೇವರ ಪಾಲು," ಅಂದ ಹೆಸ್ಲಿನ್. ಟೋಪಿ ಹಾಕಿಕೊಂಡ. "ನಾಳೆ ಮತ್ತೆ ಯಾಕೆ ಪೆಟ್ರೋಲ್ ಸುಡೋದು? ಬೀಗದ ಕೈ ತನ್ನಿ, ಈಗಲೇ ಮನೆ ನೋಡಿಬಿಡ್ತೀನಿ. ಕಣ್ಣಿಗೆ ಕಂಡದ್ದನ್ನ ಬರೀತೀನಿ, ಅಷ್ಟೇ."

ಎಂಡಾ ಕಿಸೆ ತಡಕಿದ. ದೊಡ್ಡಪ್ಪನ ಹಾಸಿಗೆ, ಬಟ್ಟಲು, ಕನ್ನಡಕ ಎಲ್ಲವನ್ನೂ ಬೆಳಿಗ್ಗೆಯೇ ಕ್ಯಾರವಾನಿಗೆ ಒಯ್ದಿದ್ದ. ಮಂಚ ಮಾತ್ರ ಎತ್ತಲಾಗದೆ ಬಿಟ್ಟಿದ್ದ. ಮಂಚ ಒಂದಿದ್ದರೆ ನಿಭಾಯಿಸಬಹುದು. ಆದರೆ ಗ್ರಾನ್ಯಾ ಎಲ್ಲಿ? ಚರ್ಚಿನ ಬಾಗಿಲಲ್ಲಿ, "ನನ್ನ ಕಾಲು ಊದಿ ಕುಂಬಳಕಾಯಿ ಆಗಿವೆ. ಸ್ಮಶಾನಕ್ಕೆ ನೀನು ಹೋಗು," ಅಂದಿದ್ದಳು. ಬೀಗದ ಕೈ ಅವಳ ಹತ್ತಿರವೇ ಇತ್ತು.

ಮಲಾಕಿಯ ಮನೆಯ ಅಂಗಳದಲ್ಲಿ ಬಿಚ್ಚಿದ ಕೊಡೆಗಳ ಕೆಳಗೆ ಊರವರು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಹೆಸ್ಲಿನ್ ಬಂದದ್ದೇ ಅಗಿಯುವುದನ್ನು ನಿಲ್ಲಿಸಿದರು. ಮನೆಯ ಬಾಗಿಲಿಗೆ ಬೀಗವಿರಲಿಲ್ಲ. ಮೆಲ್ಲನೆ ದೂಡಿದರೆ ತೆರೆದುಕೊಂಡಿತು. ಅಡುಗೆಮನೆ, ನಡುಮನೆ ಎಲ್ಲ ಬೋಳು. ಅವನ್ನು ದಾಟಿ ಹೆಸ್ಲಿನ್ ಒಳಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಅವನ ಹೆಗಲ ಮೇಲಿಂದ ಎಂಡಾ ಇಣುಕಿದ.

ಬರಿಯ ಮಂಚದ ಮೇಲೆ, ತನ್ನ ಕೋಟನ್ನೇ ಹಾಸಿಕೊಂಡು, ಹೊಟ್ಟೆಯನ್ನು ಒಂದು ಮಗ್ಗುಲಿಗೆ ಇಳಿಬಿಟ್ಟು, ಗ್ರಾನ್ಯಾ ಮಲಗಿದ್ದಳು. ಬಾಯಿ ತೆರೆದಿತ್ತು. ಅತ್ತೆಮನೆಯಲ್ಲಿ ಒಂದು ದಿನವೂ ಬಾರದ ನಿದ್ದೆ, ಗೊರಕೆ ಸಮೇತ ಬಂದಿತ್ತು.

"ಸಾರ್, ಇವಳು... ಈಗಷ್ಟೇ... ಇಲ್ಲಿ ಯಾರೂ—" ಎಂಡಾನ ದನಿ ಏರಿತು.

ಹೆಸ್ಲಿನ್ ಗಿರಕ್ಕನೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ.

"ಶ್! ಯಾರೂ ಇಲ್ಲದ ಮನೇಲಿ ಇಷ್ಟು ಗಲಾಟೆ ಮಾಡ್ತಾರೇನ್ರೀ?"

ಆಮೇಲೆ ಬಗ್ಗಿ ತನ್ನ ಬೂಟು ಬಿಚ್ಚಿದ. ಎಡಗಾಲಿನ ಕಾಲುಚೀಲದಲ್ಲಿ ತೂತಿತ್ತು, ಹೆಬ್ಬೆರಳು ಹೊರಗೆ ಬಂದಿತ್ತು. ಕಿಸೆಯಿಂದ ಅಳತೆ ಪಟ್ಟಿ ತೆಗೆದು ಒಂದು ತುದಿಯನ್ನು ಎಂಡಾನ ಕೈಗಿತ್ತು, ಆಚೆ ಗೋಡೆಗೆ ಹೋಗು ಅಂತ ಕಣ್ಣಿನಲ್ಲೇ ಹೇಳಿದ. ಎಂಡಾನೂ ಬೂಟು ಕಳಚಿದ. ಇಬ್ಬರೂ ತುದಿಗಾಲಿನಲ್ಲಿ ಮಂಚದ ಆಚೆಗೊಬ್ಬರು ಈಚೆಗೊಬ್ಬರು ಹೋಗಿ ನಿಂತರು. ಪಟ್ಟಿ ಅವಳ ಹೊಟ್ಟೆಗೆ ತಗಲದ ಹಾಗೆ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು, ಕೋಣೆಯ ಅಗಲ ಅಳೆದರು.