ಲಕ್ಕಮ್ಮನ ಗಂಟಲು

"ಬರೀ ಕರಕರ ಅಂತೈತಲ್ಲಮ್ಮ! ಇದ್ರಲ್ಲಿ ನಮ್ಮವ್ವ ಎಲ್ಲವ್ಳೆ?"

ಕೊರಟಗೆರೆ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಪುಟ್ಟಕ್ಕ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ತಾಯಿ ಲಕ್ಕಮ್ಮ ತೀರಿಕೊಂಡು ವರ್ಷವಾಗಿತ್ತು. ಬರುವ ಗುರುವಾರ ಪುಟ್ಟಕ್ಕನ ಮಗಳು ರಮ್ಯಶ್ರೀಗೆ ಅರಿಶಿನದ ಶಾಸ್ತ್ರ. ಅವತ್ತು ಹಾಡುವ ಹಾಡಿನ ಕೊನೆಯ ಎರಡು ನುಡಿ ಲಕ್ಕಮ್ಮನಿಗೆ ಬಿಟ್ಟರೆ ಇಡೀ ಚನ್ನರಾಯನದುರ್ಗದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಪುಟ್ಟಕ್ಕ ಅವನ್ನು ಅವ್ವನಿಂದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು ನಿಜ. ಆದರೆ ಹಾಡು ಮುಗಿಯುತ್ತಿದ್ದಂತೆ, ಫೋನು ಕಾದಿದೆ ಎಂದು ಗಂಡ ಪಾಲಪ್ಪ ಬ್ಯಾಟರಿಯನ್ನೇ ಕಿತ್ತುಬಿಟ್ಟ. ಸಾಲದ್ದಕ್ಕೆ ಆಮೇಲೊಂದು ದಿನ ಫೋನನ್ನು ಪ್ಲಾಸ್ಟಿಕ್ ಸಾಮಾನಿನವನಿಗೆ ಕೊಟ್ಟು ಟಬ್ಬು ತೆಗೆದುಕೊಂಡ, ಪುಣ್ಯಾತ್ಮ! ಉಳಿದದ್ದು ಮೆಮೊರಿ ಕಾರ್ಡು ಮಾತ್ರ.

"ಹಾಡು ಒಳಗೇ ಐತೆ ಅಕ್ಕ," ಎಂದಳು ಅಂಗಡಿಯ ಮಂಜುಶ್ರೀ. "ಚೂರುಚೂರಾಗಿ ಒತ್ತಿ ತುಂಬಿರ್ತೈತೆ. ಯಾವ ಚೂರು ಎಷ್ಟುದ್ದ, ಎಷ್ಟು ಸ್ಪೀಡಲ್ಲಿ ಓಡಿಸ್ಬೇಕು ಅಂತ ಫೋನು ಕೊನೇಲಿ ಬರ್ಕೋಬೇಕಿತ್ತು. ಅಷ್ಟ್ರಲ್ಲಿ ಯಜಮಾನ್ರು ಕಿತ್ಬುಟ್ರು."

ಕಾರ್ಡು ಹಾಕಿದ್ದ ಕಂಪ್ಯೂಟರಿನ ಪರದೆಯ ತುಂಬ ಅಂಕಿಗಳು. ಒಂದು ಚೂರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಮಂಜುಶ್ರೀ ರಾಗಿಯಲ್ಲಿ ಕಲ್ಲು ಆರಿಸುವವಳಂತೆ ಹುಡುಕುತ್ತ ಹೋದಳು. ಕಾಫಿ ಆರಿ ಕೆನೆಗಟ್ಟಿತು. ಎಂಥ ತಾಳ್ಮೆ ಇವಳದು, ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು ಪುಟ್ಟಕ್ಕ.

ಮಧ್ಯಾಹ್ನದ ಹೊತ್ತಿಗೆ ಸ್ಪೀಕರಿನಲ್ಲಿ ಹೆಂಗಸಿನ ದನಿ ಕೇಳಿಸಿತು. ಒಂದೊಂದು ಮಾತೂ ಬಿಡಿಬಿಡಿಯಾಗಿತ್ತು. ಮಂಜುಶ್ರೀ ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಳು.

ಪುಟ್ಟಕ್ಕ ತಲೆಯಾಡಿಸಿದಳು. "ಇದು ನಮ್ಮವ್ವ ಅಲ್ಲ ಕಣಮ್ಮ."

"ಅಯ್ಯೋ, ಎಲ್ಲಾ ಚೆನ್ನಾಗೇ ಕೇಳಿಸ್ತೈತಲ್ಲಕ್ಕ!"

"ಇಷ್ಟು ಸಾವಧಾನ ಅವ್ಳ ಜಾಯಮಾನದಲ್ಲೇ ಇರ್ಲಿಲ್ಲ. ಗಂಟಲೂ ಇಷ್ಟು ದಪ್ಪ ಅಲ್ಲ. ಏನೋ ಒಂಚೂರು ಹಿಂದೆ ಜಗ್ತೈತೆ, ನೋಡು."

ಮಂಜುಶ್ರೀ ಪರದೆ ಬಿಟ್ಟು ಪುಟ್ಟಕ್ಕನ ಮುಖ ನೋಡಿದಳು. ಹಾಡು ಓಡಿಸುವ ಸ್ಪೀಡನ್ನು ಸೆಕೆಂಡಿಗೆ ಹನ್ನೆರಡು ಸಾವಿರ ಅಂಕಿ ಎಂದು ಅವಳು ಅಂದಾಜಿನಲ್ಲಿ ಹಾಕಿದ್ದಳು. ಇಷ್ಟು ದಿನದ ಕಸುಬಿನಲ್ಲಿ ಕಿವಿಯಿಂದಲೇ ಈ ತಪ್ಪು ಹಿಡಿದವರನ್ನು ಅವಳು ಕಂಡಿರಲಿಲ್ಲ. ಅದನ್ನು ಅಳಿಸಿ, ಹದಿನಾರು ಸಾವಿರ ಎಂದು ಬರೆದಳು.

ಈ ಸಲ ಹಾಡು ಬೆನ್ನಟ್ಟಿಸಿಕೊಂಡಂತೆ ಓಡಿತು. ಪುಟ್ಟಕ್ಕ ತುಟಿಯಾಡಿಸುತ್ತ ಎರಡೂ ನುಡಿಯನ್ನು ಹಿಡಿದುಕೊಂಡಳು. ಹಾಡು ಮುಗಿಯಿತು. ಒಂದು ಉಸಿರು. ಆಮೇಲೆ, "ಲೇ ಪುಟ್ಟಿ, ಎಲ್ಲಾ ಬಂತೇನೇ?"

"ಬಂತು ಕಣವ್ವ," ಎಂದಳು ಪುಟ್ಟಕ್ಕ, ಗಟ್ಟಿಯಾಗಿ.

ಸ್ಪೀಕರು ಅಲ್ಲಿಗೆ ನಿಂತಿತ್ತು. ಮಂಜುಶ್ರೀ ಮೌಸಿನಿಂದ ಕೈ ತೆಗೆದಳು.