ದೇವೇಂದ್ರಪ್ಪನವರು ನಡೆದು ನೋಡಿದ ನಕಾಶೆ

ದೇವೇಂದ್ರಪ್ಪನವರ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ಅರವತ್ತೇಳು ವರ್ಷದ ಆ ಎತ್ತರದ ದೇಹ ಏರಿನಲ್ಲಾಗಲಿ, ಇಳಿಜಾರಿನಲ್ಲಾಗಲಿ, ವಾಲ್ನಟ್ ಕ್ರೀಕ್ ಎಂಬ ಊರಿನ ಅಂಗಡಿ ಸಾಲಿನ ನುಣುಪು ಕಾಲುದಾರಿಯಲ್ಲಾಗಲಿ ಒಂದೇ ಅಳತೆಯ ಹೆಜ್ಜೆಗಳನ್ನಿಡುತ್ತ ಸಾಗುತ್ತಿತ್ತು; ಹೆಜ್ಜೆಗೆ ಎರಡೂವರೆ ಅಡಿ, ಒಂದಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಎದುರಿಗೆ ಬಂದವರು ನಮಸ್ಕಾರ ಹೇಳಿದರೆ ತೋರುಬೆರಳೆತ್ತಿ ತುಸು ತಡೆಯಿರೆಂದು ಸೂಚಿಸುವರು. ಒಳಗೆ ನಡೆದಿದ್ದ ಎಣಿಕೆ ನೂರು ಮುಟ್ಟಿದ ಮೇಲೆಯೇ ನಿಂತು, ಮುಖವೆಲ್ಲ ಅರಳಿಸಿ ಮಾತಾಡಿಸುವರು. ಮೂವತ್ತನಾಲ್ಕು ವರ್ಷ ಗದಗ, ರೋಣ, ನರಗುಂದದ ಎರೆಹೊಲಗಳಲ್ಲಿ ಸರಪಳಿ ಎಳೆದು ಮೇರೆ ಗುರುತಿಸಿದ ಸರ್ವೇಯರು ಅವರು. ನಿವೃತ್ತಿಯಾದರೂ ಕಾಲುಗಳಿಗೆ ಆ ವಾರ್ತೆ ತಲುಪಿರಲಿಲ್ಲ. ಮೈಮೇಲೆ ಕಂದು ಬಣ್ಣದ ಉಣ್ಣೆಯ ಕೋಟು, ಅದರ ನಾಲ್ಕು ಜೇಬುಗಳಲ್ಲಿ ಸೀಸದ ಕಡ್ಡಿ, ಅಡಿಪಟ್ಟಿ, ಮಡಿಸಿದ ಕಾಗದ. ಕ್ಯಾಲಿಫೋರ್ನಿಯದ ಸೆಪ್ಟೆಂಬರ್ ಬಿಸಿಲಿನಲ್ಲೂ ಆ ಕೋಟು ಕಳಚುತ್ತಿರಲಿಲ್ಲ.

ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದ ಮಗಳು ಜಲಜಾ, ತಂದೆ ತಾಯಿ ಇಬ್ಬರನ್ನೂ ಎಂಬತ್ತೈದನೆಯ ಇಸವಿಯಲ್ಲಿ ತನ್ನ ಮನೆಗೆ ಕರೆಸಿಕೊಂಡಿದ್ದಳು. ತಾಯಿ ಬಂಗಾರೆವ್ವ ಒಂದೇ ತಿಂಗಳಲ್ಲಿ ಅಕ್ಕಪಕ್ಕದವರ ಗೆಳೆತನ ಗಳಿಸಿದರು. ಅಪ್ಪಾಜಿ ಮಾತ್ರ ಕಿಟಕಿಯ ಬಳಿ ಕೂತು ಎದುರಿನ ಬೋಳು ಗುಡ್ಡಗಳನ್ನೇ ನೋಡುತ್ತಿದ್ದುದು ಮಗಳ ಮನಸ್ಸನ್ನು ಕೊರೆಯಿತು. ಹೊತ್ತು ಹೋಗಲೆಂದು ಹತ್ತಿರದ ಕಮ್ಯುನಿಟಿ ಕಾಲೇಜಿನ ಇಂಗ್ಲಿಷ್ ತರಗತಿಗೆ ಸೇರಿಸಲು ಕರೆದೊಯ್ದಳು. ಅರ್ಜಿ ತುಂಬುವ ಹೊತ್ತಿಗೆ ದೇವೇಂದ್ರಪ್ಪನವರು ಪಾಠಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಕ್ಯಾಲಿಫೋರ್ನಿಯದ ಇತಿಹಾಸ, ಮಂಗಳವಾರ ಮತ್ತು ಗುರುವಾರ.

"ಅಪ್ಪಾಜಿ, ಹಿಸ್ಟರಿ ಯಾಕ? ಇಂಗ್ಲಿಷ್ ಕ್ಲಾಸಿಗೆ ಅಂತಲ್ಲ ಬಂದದ್ದು?"

"ಖರೆ ಅಂದ್ರ, ಇಂಗ್ಲಿಷು ನನಗ ಸಾಕಾಗೂವಷ್ಟು ಬರತೈತಿ, ತಂಗೀ. ಈ ನೆಲ ಮೊದಲ ಯಾರದಿತ್ತು ಅನ್ನೋದು ಗೊತ್ತಿಲ್ಲ. ಕಾಲಿಟ್ಟ ನೆಲದ್ದು ಅಷ್ಟರ ತಿಳಕೋಬೇಕಲ್ಲ?"

ಹೀಗೆ ಅವರು ವಿದ್ಯಾರ್ಥಿಯಾದರು. ದಾದಿಯ ಕೆಲಸ ಮುಗಿಸಿ ಆಕಳಿಸುತ್ತ ಬರುವ ಹೆಂಗಸು, ವಿಯೆಟ್ನಾಂ ಯುದ್ಧದಿಂದ ಕುಂಟುತ್ತ ಮರಳಿದ ಗಡ್ಡಧಾರಿ, ಹದಿನೆಂಟರ ಹುಡುಗಿಯರು, ಇವರೆಲ್ಲರ ಮುಂದೆ ಮೊದಲ ಬೆಂಚಿನಲ್ಲಿ ಕೋಟು ತೊಟ್ಟ ಈ ಅಜ್ಜ. ಉಪಾಧ್ಯಾಯಿನಿ ಮಿಸೆಸ್ ವಿಟ್ಮರ್ ಒಳಗೆ ಬಂದರೆ ಇಡೀ ತರಗತಿಯಲ್ಲಿ ಎದ್ದು ನಿಲ್ಲುವವರು ಅವರೊಬ್ಬರೇ. ಬೇಡವೆಂದು ಆಕೆ ಎರಡು ವಾರ ಹೇಳಿ ನೋಡಿ, ಮೂರನೆಯ ವಾರದಿಂದ ತಾವೇ ತಲೆಬಾಗಿ ಆ ಗೌರವವನ್ನು ಸ್ವೀಕರಿಸತೊಡಗಿದರು.

ಅಕ್ಟೋಬರಿನ ಒಂದು ದಿನ ಮಿಸೆಸ್ ವಿಟ್ಮರ್ ಹಳೆಯ ನಕಾಶೆಯೊಂದರ ಪ್ರತಿ ಹಂಚಿದರು. ಈ ಸೀಮೆ ಮೆಕ್ಸಿಕೋದ ಆಳ್ವಿಕೆಯಲ್ಲಿದ್ದಾಗ, ಜಹಗೀರು ಬೇಡುವ ಯಾರೋ ಒಬ್ಬಾತ ಶಾಯಿಯಲ್ಲಿ ಬರೆದು ಸರಕಾರಕ್ಕೆ ಒಪ್ಪಿಸಿದ್ದು ಅದು. ನಾಲ್ಕು ಗುಡ್ಡ, ಕೂಡಿ ಹರಿಯುವ ಎರಡು ಹಳ್ಳ, ಎರಡು ಓಕ್ ಮರ, ಒಂದು ಬಂಡೆ. "ಇವು ಅಂದಾಜಿನ ಚಿತ್ರಗಳು, ಮಕ್ಕಳು ಗೀಚಿದಂತೆ, ಅಳತೆಯೆಂಬುದು ಬಂದದ್ದು ಆಮೇಲೆ," ಎಂದು ಆಕೆ ನಗುತ್ತ ಹೇಳಿದರು. ದೇವೇಂದ್ರಪ್ಪನವರು ಎದ್ದು ನಿಂತರು.

"ಕ್ಷಮಿಸಬೇಕು ಮೇಡಂ. ಇದನ್ನು ಬರೆದವನು ಆ ನೆಲವನ್ನು ನಡೆದಿದ್ದಾನೆ."

"ಅದು ನಿಮಗೆ ಹೇಗೆ ಗೊತ್ತು?"

"ಈ ಹಳ್ಳ ಬಂಡೆಯ ಹತ್ತಿರ ಎರಡು ಸಲ ತಿರುಗುತ್ತದೆ. ಕೂತಲ್ಲೇ ಊಹಿಸುವವನು ಒಂದೇ ಸಲ ತಿರುಗಿಸುತ್ತಾನೆ."

ಮಿಸೆಸ್ ವಿಟ್ಮರ್, "ಹಾಗಾದರೆ ಅದೇ ನಿಮ್ಮ ಪ್ರಬಂಧ. ಸಾಧಿಸಿ ತೋರಿಸಿ," ಎಂದರು.

ನಕಾಶೆಯ ಜೊತೆಗಿದ್ದ ಹಳೆಯ ಅರ್ಜಿಯಲ್ಲಿ, ಬಂಡೆಯಿಂದ ಹಳ್ಳಗಳ ಸಂಗಮಕ್ಕೆ ಎರಡು ಸಾವಿರದ ನಾಲ್ಕುನೂರು 'ವಾರಾ' ಎಂದಿತ್ತು. ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ದೇವೇಂದ್ರಪ್ಪನವರು ಆ ಪದವನ್ನು ಗಟ್ಟಿಯಾಗಿ ಓದಿಕೊಂಡಾಗ, ರೊಟ್ಟಿ ತಟ್ಟುತ್ತಿದ್ದ ಬಂಗಾರೆವ್ವ ತಿರುಗಿ ನೋಡಿದರು.

"ಅದೇನ್ರೀ ಅಷ್ಟೊತ್ತು ತಲಿ ಕೆಡಿಸಿಕೊಳ್ಳೂದು? ಅರಿವಿ ಅಳಿಯೂ ವಾರ ಗೊತ್ತಿಲ್ಲೇನು ನಿಮಗ? ನಾ ಉಟ್ಟ ಸೀರಿ ಎಂಟು ವಾರ."

ದೇವೇಂದ್ರಪ್ಪನವರು ಬಾಯಿ ತೆರೆದವರು ಮುಚ್ಚಲಿಲ್ಲ. ಮರುದಿನ ಕಾಲೇಜಿನ ಗ್ರಂಥಾಲಯದ ನಿಘಂಟುಗಳನ್ನೆಲ್ಲ ಇಳಿಸಿ ಕೂತರು. ಸ್ಪೇನಿನವರು ಇತ್ತ ತಂದ ಅಳತೆಯ ಕೋಲಿನ ಹೆಸರೇ, ಪೋರ್ಚುಗೀಸರ ಹಡಗುಗಳಲ್ಲಿ ಅತ್ತ ಗೋವೆಗೆ ಇಳಿದು, ಘಟ್ಟ ಹತ್ತಿ, ಗದಗಿನ ಬಟ್ಟೆಯಂಗಡಿ ಸೇರಿರಬಹುದು. ಅಲ್ಲಿಗೇ ಮುಗಿಯಲಿಲ್ಲ. ಕ್ಯಾಲಿಫೋರ್ನಿಯದ ವಾರಾ ಮೂವತ್ತಮೂರು ಅಂಗುಲ; ಹನ್ನೆರಡು ವಾರಾ ಸೇರಿದರೆ ಮೂವತ್ತಮೂರು ಅಡಿ; ಮೂವತ್ತಮೂರು ಅಡಿಯೆಂದರೆ ಅವರು ಜೀವಮಾನವಿಡೀ ಎಳೆದ ಸರಪಳಿ! "ಎರಡು ನೂರು ಸರಪಳಿ, ಜಲಜಾ, ಸರೀಗೆ ಎರಡು ನೂರು," ಎಂದು ಅವರು ಹೇಳಿದಾಗ ಕಣ್ಣಲ್ಲಿ ನೀರಿತ್ತು. ಭೂಗೋಳದ ಎರಡು ಬದಿಯ ನೆಲಗಳು ಒಂದೇ ಅಳತೆಗೆ ಕೊರಳೊಡ್ಡಿದ್ದನ್ನು ಕಂಡು ಡಾಕ್ಟರಮ್ಮನ ಮೈಯೂ ಜುಮ್ಮೆಂದಿತು.

ಮುಂದಿನ ಐದು ಶನಿವಾರ ಜಲಜಾ ಕಾರು ಓಡಿಸಿದಳು. ಬಟ್ಟೆ ಒಣಹಾಕುವ ಹಗ್ಗವನ್ನು ಮೂವತ್ತಮೂರು ಅಡಿಗೆ ಕತ್ತರಿಸಿ, ಒಂದು ತುದಿಯನ್ನು ಅವಳ ಕೈಗಿತ್ತು, ಇನ್ನೊಂದು ಹಿಡಿದು ಅಪ್ಪಾಜಿ ಮುಂದೆ ನಡೆದರು. ಒಣಹುಲ್ಲಿನ ಗುಡ್ಡದ ಮೊದಲ ತಿರುವಿನಲ್ಲೇ ಬಂಡೆ ಸಿಕ್ಕಿತು, ಅದರ ಮಗ್ಗುಲಲ್ಲಿ ಹಳ್ಳ ನಕಾಶೆಯಲ್ಲಿದ್ದಂತೆಯೇ ಎರಡು ಸಲ ಹೊರಳಿತ್ತು. ಮೂರನೆಯ ಶನಿವಾರ ಗೆರೆ ಒಬ್ಬರ ಹಿತ್ತಿಲನ್ನು ಹಾದುಹೋಗಬೇಕಾಯಿತು. ಚಡ್ಡಿ ತೊಟ್ಟ ಮನೆಯೊಡೆಯ ಹೊರಬಂದು ಏನೆಂದು ಕೇಳಿದ್ದಕ್ಕೆ ಇವರು ಅತಿ ವಿನಯದಿಂದ, "ಸ್ವಾಮಿ, ತಮ್ಮ ಈಜುಕೊಳ ಮೇರೆಯ ಮೇಲೆ ಕೂತಿದೆ. ಗಾಬರಿ ಬೇಡ, ಮೇರೆ ನೂರೈವತ್ತು ವರ್ಷ ಹಳೆಯದು," ಎಂದರು. ಆತ ನಕ್ಕು ಕಿತ್ತಳೆ ರಸ ಕೊಟ್ಟ; ಹಿತ್ತಿಲಿನ ಆ ತುದಿಯವರೆಗೆ ಹಗ್ಗವನ್ನೂ ಹಿಡಿದ.

ಹಗ್ಗ ಹಿಡಿದು ಏರುತ್ತ ಜಲಜಾ ಕೇಳಿದಳು: "ಅಪ್ಪಾಜಿ, ಒಂದು ನಕಾಶೆಗೆ ಯಾಕಿಷ್ಟು ಹಟ? ಮೇಡಂ ಹೀಯಾಳಿಸಿದ್ದು ನಿಮ್ಮನ್ನಲ್ಲಲ್ಲ."

ಅವರು ಉತ್ತರ ಕೊಡಲಿಲ್ಲ. ಎಣಿಕೆ ತಪ್ಪೀತೆಂದು ಅವಳು ತಿಳಿದಳು.

ಡಿಸೆಂಬರಿನಲ್ಲಿ ಪ್ರಬಂಧ ಓದುವ ದಿನ ಅವಳು ಅರ್ಧ ದಿನ ರಜೆ ಹಾಕಿ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಳು. ದೇವೇಂದ್ರಪ್ಪನವರು ಕರಿಹಲಗೆಯ ಮೇಲೆ ಗೆರೆ ಎಳೆದು, ಅಳತೆಯ ಫಲ ಬರೆದರು: ನೂರ ತೊಂಬತ್ತೆಂಟು ಸರಪಳಿ. ಅರ್ಜಿಯವನು ಹೇಳಿದ್ದು ಇನ್ನೂರು. "ಎರಡು ಸರಪಳಿ ವ್ಯತ್ಯಾಸ. ಆ ಬೆಳಿಗ್ಗೆ ಇಬ್ಬನಿ ಬಿದ್ದಿರಬೇಕು. ನೆನೆದ ಹಗ್ಗ ಗಿಡ್ಡವಾಗುತ್ತದೆ, ಎಣಿಕೆ ಹೆಚ್ಚಾಗುತ್ತದೆ." ತರಗತಿ ನಕ್ಕಿತು. ಅವರು ನಗಲಿಲ್ಲ; ಸೀಮೆಸುಣ್ಣ ಕೆಳಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡರು.

ಆಮೇಲೆ ಇನ್ನೊಂದು ಮೇರೆಯ ಕಥೆ ಹೇಳಿದರು: ನಲವತ್ತೇಳನೆಯ ಇಸವಿಯಲ್ಲಿ ರೋಣದ ಹತ್ತಿರ ದ್ಯಾಮವ್ವ ಎಂಬ ವಿಧವೆ ತನ್ನ ಹೊಲದ ಮೇರೆಯನ್ನು ಬನ್ನಿಗಿಡದಿಂದ ಕರಿಕಲ್ಲಿನವರೆಗೆ ತಾನೇ ನಡೆದು ತೋರಿಸಿದ್ದಳು. ತರುಣ ಸರ್ವೇಯರನ ಕೈಯಲ್ಲಿ ಅಚ್ಚಿನ ನಕಾಶೆಯಿತ್ತು. ಅದು ಬೇರೆ ಹೇಳುತ್ತಿತ್ತು. ಅವನು ನಕಾಶೆಯಂತೆ ಕಲ್ಲು ನೆಡಿಸಿದ. ಅವಳ ಬಾವಿ ಪಕ್ಕದವನ ಪಾಲಾಯಿತು. ಹತ್ತೊಂಬತ್ತು ವರ್ಷಗಳ ನಂತರ ಕಚೇರಿಯ ದಫ್ತರಿನಲ್ಲಿ, ಆ ನಕಾಶೆಗೆ ಮೂಲವಾದ ಹಳೆಯ ಭೂಮಾಪನದ ಮೋಜಣಿ ಹಾಳೆ ಸಿಕ್ಕಿತು. ನಕಲು ಮಾಡಿದವನು ಗೆರೆಯನ್ನು ಬಾವಿಯ ತಪ್ಪು ಬದಿಗೆ ಎಳೆದಿದ್ದ. ದೇವೇಂದ್ರಪ್ಪನವರು ತಮ್ಮ ತಪ್ಪನ್ನು ತಾವೇ ಬರೆದು ಮೇಲಧಿಕಾರಿಗಳಿಗೆ ಕಳಿಸಿದರು; ದಾಖಲೆ ತಿದ್ದಲಾಯಿತು. ಅಷ್ಟರಲ್ಲಿ ದ್ಯಾಮವ್ವ ತೀರಿಕೊಂಡಿದ್ದಳು, ಅವಳ ಮಕ್ಕಳು ಊರು ಬಿಟ್ಟಿದ್ದರು.

"ಅವಳು ನಡೆದು ಹೇಳಿದಳು, ನಾನು ಓದಿ ಅಲ್ಲಗಳೆದೆ," ಎಂದರು ಅವರು. "ಈ ಮೆಕ್ಸಿಕೋದವನಿಗಾದರೂ ಹಾಗೆ ಮಾಡಬಾರದೆನಿಸಿತು."

ಗಡ್ಡದವನು ಮುಖ ತಗ್ಗಿಸಿ ಕೂತಿದ್ದ. ಕೊನೆಯ ಬೆಂಚಿನಲ್ಲಿ ಜಲಜಾ, ತಾನು ನಲವತ್ತು ವರ್ಷ ಬಲ್ಲೆನೆಂದುಕೊಂಡಿದ್ದ ಮನುಷ್ಯನನ್ನು ಮೊದಲ ಸಲ ಕಂಡಂತೆ ನೋಡುತ್ತಿದ್ದಳು. ಮಿಸೆಸ್ ವಿಟ್ಮರ್ ಎದ್ದು ನಿಂತು ಹೇಳಿದರು: "ಹನ್ನೊಂದು ವರ್ಷದಿಂದ ನಾನು ಈ ನಕಾಶೆಯನ್ನು ತಪ್ಪಾಗಿ ಕಲಿಸಿದ್ದೇನೆ. ಮುಂದಿನ ವರ್ಷದ ಮಕ್ಕಳಿಗೆ ನಿಮ್ಮ ಪ್ರಬಂಧವನ್ನೇ ಕೊಡುತ್ತೇನೆ."

ಅಂಕ ಬಂದಾಗ ಅದು 'ಎ' ಅಲ್ಲ, 'ಎ ಮೈನಸ್' ಆಗಿತ್ತು, ಅಡಿಟಿಪ್ಪಣಿಗಳು ನಿಯಮದಂತಿರಲಿಲ್ಲ. ಜಲಜಾ ಸಿಡಿದೆದ್ದಳು, ಹೋಗಿ ಕೇಳುತ್ತೇನೆಂದಳು. "ಖರೆ ಅಂದ್ರ ತಪ್ಪು ನಂದಽ ಐತಿ," ಎಂದು ಅವರು ಅಡಿಟಿಪ್ಪಣಿಯ ನಿಯಮದ ಪುಸ್ತಕ ತಂದು, ಇಪ್ಪತ್ತೆರಡನ್ನೂ ತಿದ್ದಿ ಬರೆದು, ಅಂಕ ಕೇಳದೆ ಒಪ್ಪಿಸಿ ಬಂದರು.

ಇಂಥವರನ್ನು ವಿದ್ವಾಂಸರೆಂದು ಲೋಕ ಕರೆಯುವುದಿಲ್ಲ; ಅವರ ಹೆಸರು ಯಾವ ಗ್ರಂಥದ ಬೆನ್ನಿನ ಮೇಲೂ ಇರುವುದಿಲ್ಲ. ಗತಿಸಿದವರು ವಾದಿಸಲಾರರು, ಅವರ ಮಾತನ್ನು ತಳ್ಳಿಹಾಕುವುದು ಬಹಳ ಸುಲಭ. ಆ ಸುಲಭಕ್ಕೆ ಒಲ್ಲೆನೆಂದು, ಮುಪ್ಪಿನಲ್ಲಿಯೂ ಬಿಸಿಲಿಗೆ ಮೈಯೊಡ್ಡಿ, ಹೆಸರರಿಯದ ಒಬ್ಬನ ಪರವಾಗಿ ಸಾಕ್ಷಿ ಹುಡುಕುವವರು ಎಲ್ಲ ದೇಶಗಳಲ್ಲೂ ಬೆರಳೆಣಿಕೆಯಷ್ಟು ಮಂದಿ ಇರುತ್ತಾರೆ. ಸತ್ತವರಿಗೆ ಈ ಭೂಮಿಯ ಮೇಲೆ ಸಿಗುವ ನ್ಯಾಯ ಅವರಿಂದಲೇ.