ಬರೆಯುವ ಹೊತ್ತು

ನಾದಿನಿ ಬಂದು ಅವಳ ಕೈಯಿಂದ ಪೊರಕೆ ಕಿತ್ತುಕೊಂಡಾಗ ಅಂಗಳದ ಒಂದು ಮೂಲೆ ಮಾತ್ರ ಚೊಕ್ಕಟವಾಗಿತ್ತು.

"ಅತ್ತಿಗೆ, ನಿಮಗೆ ತಲೆ ನೆಟ್ಟಗಿದೆಯಾ? ಒಳಗೆ ಅಣ್ಣನ್ನ ಮಲಗಿಸಿದಾರೆ. ನೀವಿಲ್ಲಿ ಕಸ ಗುಡಿಸ್ತಾ ನಿಂತಿದೀರಲ್ಲ!"

"ಅವರನ್ನ ಹೊತ್ಕೊಂಡು ಹೋಗೋರು ಇಲ್ಲೇ ಹಾಯ್ದು ಹೋಗ್ಬೇಕು. ಎಲೆ ಎಲ್ಲ ಒದ್ದೆ. ಜಾರುತ್ತೆ."

"ಎಲೆ ಗುಡಿಸಿದ್ರೆ ಅಣ್ಣನಿಗೆ ಆಗ್ತಿರಲಿಲ್ಲ ಅಂತ ಊರಿಗೆಲ್ಲ ಗೊತ್ತು. ಇವತ್ತೊಂದಿನ ಆದ್ರೂ ಅವನಿಷ್ಟದ ಹಾಗೆ ನಡೀಲಿ."

ಇವತ್ತೊಂದು ದಿನವಂತೆ! ಲೇಖಕರ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಈ ಮನೆಯಲ್ಲಿ ಇಷ್ಟು ದಿನ ನಡೆದದ್ದು ಯಾರಿಷ್ಟದ ಹಾಗೆ, ಪಕ್ಕದ ಮನೆಯವರದೇ? ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ನುಂಗುವುದು ಅಭ್ಯಾಸವಾಗಿತ್ತು.

ಲೇಖಕರು ವಾರಕ್ಕೊಮ್ಮೆ ಪತ್ರಿಕೆಗೆ ಮನೆಯ ಸುದ್ದಿ ಬರೆಯುತ್ತಿದ್ದರು. ಹೆಂಡತಿಗೆ 'ಗೃಹಮಂತ್ರಿ' ಎಂದು ಹೆಸರಿಟ್ಟು, ಅವಳ ಮರೆವು, ಅವಳ ಸಿಡುಕು, ಉಪ್ಪು ಹಾಕದ ಅಡುಗೆ ಎಲ್ಲವನ್ನೂ ಬೀದಿಗಿಡುತ್ತಿದ್ದರು. ಓದುಗರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಎಲೆ ಉದುರುವ ಕಾಲ ಬಂತೆಂದರೆ ಅಂಗಳದ ಮರದ ಮೇಲೊಂದು ಬರಹ ಆಗಲೇಬೇಕು. ಅದು ಮುಗಿಯುವ ತನಕ ಒಂದೆಲೆಯನ್ನೂ ಅಲುಗಿಸುವಂತಿಲ್ಲ. ಈ ವರ್ಷ ಅದನ್ನು ಬರೆಯುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಎಲೆಗಳು ಉಳಿದುಕೊಂಡವು.

ಗೇಟು ತೆರೆದು ಪತ್ರಿಕೆಯ ಸಂಪಾದಕರು ಬಂದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾರಿ, ಬಟ್ಟೆ ಒಣಹಾಕುವ ತಂತಿ ಹಿಡಿದುಕೊಂಡು ಬಚಾವಾದರು.

"ಗೃಹಮಂತ್ರಿಗಳು ಧೈರ್ಯ ತಂದ್ಕೋಬೇಕು," ಎಂದರು, ಇನ್ನೂ ತೂಗಾಡುತ್ತಲೇ. "ಎತ್ತೋದಕ್ಕೆ ಮುಂಚೆ ಒಂದು ಲೇಖನ ಓದೋಣ ಅಂತಿದೀನಿ. ಅದೇ, ನೀವು ಎಲೆ ಮೇಲೆ ಬಿದ್ದು ನಕ್ಕಿದ್ದು. ಓದುಗರಿಗೆ ಇವತ್ತಿಗೂ ಅದಂದ್ರೆ ಪ್ರಾಣ."

"ಅದೊಂದು ಬೇಡ."

"ಯಾಕಮ್ಮಾ?"

"ಬೇಡ ಅಂದ್ನಲ್ಲ. ಬೇರೆ ಯಾವುದಾದ್ರೂ ಓದಿ."

"ಅವರ ಮಾತು ಬಿಡಿ ಸಾರ್," ಎಂದಳು ನಾದಿನಿ. "ಸಂಕಟದಲ್ಲಿ ಏನೇನೋ ಹೇಳ್ತಾರೆ. ನೀವು ಅದನ್ನೇ ಓದಿ."

ಸಂಪಾದಕರು ಲೇಖಕರ ಹೆಂಡತಿಯ ಕಡೆ ಕನಿಕರದಿಂದ ತಲೆಯಾಡಿಸಿ, ನಾದಿನಿಯ ಹಿಂದೆ ಒಳಗೆ ಹೋದರು.

*

ಬರೆಯುವ ಹೊತ್ತು ಅಂದರೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ. ಆಗ ಮನೆಯಲ್ಲಿ ಪಿಟಕ್ ಅನ್ನುವಂತಿಲ್ಲ. ನಲ್ಲಿಯ ಕೆಳಗೆ ಬಟ್ಟೆ ಹಾಸಿ ನೀರು ಬಿಡಬೇಕು. ಗ್ಯಾಸ್ ಒಲೆಯ ತಿರುಪು ಮುರಿದು ಎಷ್ಟೋ ವರ್ಷವಾಗಿದ್ದರೂ ರಿಪೇರಿಯವನು ಬಂದು ಕುಟ್ಟುತ್ತಾನೆಂದು ಕರೆಸಿರಲಿಲ್ಲ; ಉಳಿದ ಮೊಂಡು ತುದಿಯನ್ನು ಇಕ್ಕಳದಿಂದ ತಿರುಗಿಸಬೇಕಿತ್ತು. ಕುಕ್ಕರ್ ಅಂತೂ ಕೂಗಲೇಬಾರದು. ಅದು ಬುಸುಗುಡಲು ತೊಡಗಿದ ಕೂಡಲೇ ಇಕ್ಕಳ ಹಾಕಿ ಉರಿ ತಗ್ಗಿಸಬೇಕು. ಆ ಕ್ಷಣ ತಪ್ಪದ ಹಾಗೆ ಒಲೆಯ ಮುಂದೆ ಕಾದು ನಿಲ್ಲುವುದನ್ನು ಅವಳು ಒಂದು ಕಸುಬಿನಂತೆ ಕಲಿತಿದ್ದಳು.

ಮಗಳು ಶಾಲೆಗೆ ಹೋಗುತ್ತಿದ್ದ ಕಾಲ. ಅಂಥದೇ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳು ಎಲೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಕೈ ಊರಿದ್ದೇ ತಪ್ಪಾಯಿತು. ಮಣಿಕಟ್ಟು ಲಟಕ್ಕೆಂದಿತು.

ಕೂಗಲು ಬಾಯಿ ತೆರೆದಳು. ಬರೆಯುವ ಹೊತ್ತು ಎಂದು ನೆನಪಾಯಿತು. ಬೇರೆ ಯಾವ ಹೆಂಗಸಾಗಿದ್ದರೂ ಬೀದಿಗೆಲ್ಲ ಕೇಳುವಂತೆ ಕಿರಿಚಿಕೊಳ್ಳುತ್ತಿದ್ದಳು. ಇವಳು ಒದ್ದೆ ಟವೆಲನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿ, ತಲೆ ಎತ್ತಿದರೆ ಬರೆಯುವ ಕೋಣೆಯ ಕಿಟಕಿಯಲ್ಲಿ ಗಂಡ. ಕೈಯಲ್ಲಿ ಪೆನ್ನು. ನೋಡಿದರು. ಚೆನ್ನಾಗಿಯೇ ನೋಡಿದರು. ಆಮೇಲೆ ಪರದೆ ಎಳೆದುಕೊಂಡರು.

ಪಕ್ಕದ ಮನೆಯ ದರ್ಜಿ ಅವಳು ಬಿದ್ದದ್ದು ಕಂಡು, ಮೆಷಿನ್ ಬಿಟ್ಟು ಓಡಿಬಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮುಂದಿನ ವಾರದ ಪತ್ರಿಕೆಯಲ್ಲಿ ಗೃಹಮಂತ್ರಿ ಎಲೆಯ ಹಾಸಿಗೆಯ ಮೇಲೆ ಬಿದ್ದು, ಮುಡಿಯಲ್ಲಿ ಎಲೆ ಸಿಕ್ಕಿಸಿಕೊಂಡು ಮಗುವಿನಂತೆ ನಕ್ಕಿದ್ದಳು. ಲೇಖಕರು ಓಡಿಬಂದು ಕೈಹಿಡಿದು ಎತ್ತಿದ್ದರು.

*

"ಓದ್ಲಿ ಬಿಡಮ್ಮ," ಎಂದಳು ಮಗಳು, ಅಡುಗೆಮನೆಯ ಬಾಗಿಲಿಗೆ ಒರಗಿ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಸ್ಕೂಲಲ್ಲಿ ಟೀಚರ್ ಅದನ್ನ ಎಲ್ರ ಮುಂದೆ ಓದಿದ್ರು. ನಂಗೆಷ್ಟು ಹೆಮ್ಮೆ ಆಗಿತ್ತು ಗೊತ್ತಾ? ನಮ್ಮಪ್ಪ ಅಮ್ಮ ಹೀಗೆ ಅಂತ."

ತಾಯಿ, ಎತ್ತುವ ಮೊದಲು ಒಲೆ ಹಚ್ಚಬಾರದೆಂಬ ಮಾತು ಬದಿಗಿಟ್ಟು, ದೂರದಿಂದ ಬಂದವರಿಗೆಂದು ಆಲೂಗಡ್ಡೆ ತೊಳೆದು ಕುಕ್ಕರಿಗೆ ಹಾಕುತ್ತಿದ್ದಳು.

"ನಿಮ್ಮಪ್ಪ ನನ್ನ ಎತ್ತಲಿಲ್ಲ."

"ಏನು?"

"ಎತ್ತಿದ್ದು ದರ್ಜಿ. ನಿಮ್ಮಪ್ಪ ಕಿಟಕೀಲಿ ನಿಂತು ನೋಡಿ, ಪರದೆ ಎಳ್ಕೊಂಡ್ರು. ನಾನು ನಗಲೂ ಇಲ್ಲ. ಸದ್ದಾಗಬಾರದು ಅಂತ ಬಾಯಲ್ಲಿ ಟವೆಲ್ ತುರುಕ್ಕೊಂಡಿದ್ದೆ."

ಮಗಳು ತಾಯಿಯ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. "ಇಷ್ಟು ವರ್ಷ ಬಾಯಿಬಿಡದೆ ಇದ್ದು ಈಗ ಹೇಳ್ತಿದೀಯಲ್ಲ!"

"ಹೇಳೋಣ ಅಂದ್ರೆ ನೀನು ಅವರ ತೊಡೆ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ಓದಿಸ್ಕೊಳ್ತಿದ್ದೆ."

"ಅದಕ್ಕೆ ಇವತ್ತೇ ಬೇಕಿತ್ತಾ? ಇನ್ನೂ ಮನೆಯಿಂದ ಎತ್ತೇ ಇಲ್ಲ ಅಪ್ಪನ್ನ!"

"ಅವರು ಓದೋದು ಇವತ್ತೇ ಅಲ್ವಾ? ನಾನು ಪಕ್ಕದಲ್ಲಿ ಕೂತು ಹೂಂ ಅಂತ ತಲೆಯಾಡಿಸ್ಬೇಕು."

ಮಗಳು ಸರ್ರನೆ ತಿರುಗಿ ಹೋದಳು, ಬಾಗಿಲು ದಡಾರನೆ ಹಾಕಿಕೊಂಡಳು. ತಾಯಿ ಗೋಡೆಯ ಮೊಳೆಗೆ ನೇತುಹಾಕಿದ್ದ ಇಕ್ಕಳ ತೆಗೆದು ಒಲೆ ಹಚ್ಚಿದಳು. ಉರಿ ಪೂರ್ತಿ ದೊಡ್ಡದು ಮಾಡಿದಳು.

*

ಲೇಖಕರನ್ನು ಅವರ ಬರೆಯುವ ಕೋಣೆಯಲ್ಲೇ ಮಲಗಿಸಿದ್ದರು. ಗೋಡೆಗೆ ಒತ್ತಿಕೊಂಡು ಓದುಗರು ನಿಂತಿದ್ದರು. ಬಾಗಿಲಾಚೆಯೂ ತಲೆಗಳೇ ತಲೆಗಳು. ಹೆಂಡತಿ ಶಾಲು ಹೊದ್ದು ತಲೆಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಮಗಳು ದೂರದಲ್ಲಿ, ಬಾಗಿಲ ಹತ್ತಿರ, ತಾಯಿಯ ಕಡೆ ನೋಡದೆ ನಿಂತಿದ್ದಳು.

ಸಂಪಾದಕರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಚೆನ್ನಾಗಿ ಓದುತ್ತಿದ್ದರು, ಹಾಳಾದ್ದು. ಮರ ಬಂತು, ಎಲೆ ಬಂತು, ಬಕೆಟ್ಟು ಹಿಡಿದ ಗೃಹಮಂತ್ರಿ ಬಂದಳು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದರು.

"'ಧೊಪ್ಪನೆ ಬಿದ್ದಳು. ಅಯ್ಯೋ ಎಂದು ನಾನು ಪೆನ್ನು ಬಿಸಾಡಿ ಓಡಿದೆ...'"

ಕುಕ್ಕರ್ ಕೂಗಿತು.

ಈ ಮನೆಯಲ್ಲಿ, ಬರೆಯುವ ಈ ಹೊತ್ತಿನಲ್ಲಿ, ಅಷ್ಟು ದೊಡ್ಡ ಸದ್ದು ಎಂದೂ ಕೇಳಿರಲಿಲ್ಲ. ಸಂಪಾದಕರು ಬೆಚ್ಚಿ ನಿಂತು, ಸಾವರಿಸಿಕೊಂಡು ಮತ್ತೆ ಓದಿದರು. ಅದು ಮತ್ತೆ ಕೂಗಿತು. ನಾದಿನಿ ಹಲ್ಲು ಕಡಿಯುತ್ತ ಅಡುಗೆಮನೆಗೆ ಓಡಿದಳು.

"ಇದಕ್ಕೆ ತಿರುಪೇ ಇಲ್ವಲ್ಲೇ!" ಎಂದು ಅಲ್ಲಿಂದಲೇ ಅರಚಿದಳು. "ಹೇಗೆ ಆರಿಸೋದು? ಉಗಿ ಬೇರೆ, ಹತ್ರ ಹೋಗೋಕಾಗ್ತಿಲ್ಲ!"

"ಇಕ್ಕಳ ಇದೆ ಅತ್ತೆ," ಎಂದಳು ಮಗಳು ಅಭ್ಯಾಸದಿಂದ. "ಮೊಳೇಲಿ ನೇತಾಡ್ತಿರುತ್ತೆ ನೋಡಿ."

"ಮೊಳೆ ಖಾಲಿ ಕಣೇ!"

ಮಗಳು ತಿರುಗಿದಳು. ತಾಯಿಯ ಶಾಲು ತೊಡೆಯ ಮೇಲೆ ಸ್ವಲ್ಪ ಸರಿದಿತ್ತು. ಸೊಟ್ಟ ಮಣಿಕಟ್ಟಿನ ಕೆಳಗೆ, ಬಿಗಿಯಾಗಿ ಹಿಡಿದ ಮುಷ್ಟಿಯಿಂದ ಇಕ್ಕಳದ ಕೆಂಪು ಹಿಡಿಕೆಗಳು ಇಣುಕುತ್ತಿದ್ದವು. ತಾಯಿ ಮಗಳನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಹೇಳುವುದಿದ್ದರೆ ಹೇಳು ಎನ್ನುವಂತಿತ್ತು.

"'ಮಗುವಿನಂತೆ ನಕ್ಕಳು...'" ಎಂದು ಸಂಪಾದಕರು ದನಿ ಏರಿಸಿದರು. ಮುಂದಿನದು ಯಾರಿಗೂ ಕೇಳಲಿಲ್ಲ.

"ಏನೇ, ಮರದ ಹಾಗೆ ನಿಂತಿದೀಯಾ? ಎಲ್ಲಿಟ್ಟಿದ್ದಾರೆ ಅಂತ ನಿಮ್ಮಮ್ಮನ್ನ ಕೇಳೇ!" ಎಂದು ಅಡುಗೆಮನೆಯಿಂದ ನಾದಿನಿಯ ದನಿ ಬಂತು.

ಮಗಳು ಜನರನ್ನು ಸರಿಸಿಕೊಂಡು ಬಂದಳು. ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಶಾಲಿನ ಅಂಚು ಹಿಡಿದು ಎಳೆದು, ಸೊಟ್ಟ ಕೈಯನ್ನೂ ಕೆಂಪು ಹಿಡಿಕೆಗಳನ್ನೂ ಮುಚ್ಚಿ, ಅದರ ಮೇಲೆ ತನ್ನ ಕೈ ಇಟ್ಟಳು.

"ಕಾಣ್ತಿಲ್ಲ ಅತ್ತೆ," ಎಂದು ಕೂಗಿ ಹೇಳಿದಳು.

ಸಂಪಾದಕರು ಕಾಗದ ಮಡಿಸಿದರು. ಒಳಗೆ ಕುಕ್ಕರ್ ಕೂಗುತ್ತಲೇ ಇತ್ತು.